ಟೂ ಪಿಚ್

"ಒನ್ ಪಿಚ್ ಔಟ್!"

ಅಪ್ಪ ಮಡಚುವ ಕುರ್ಚಿಯಿಂದ ಎದ್ದು ನಿಂತೇಬಿಟ್ಟಿದ್ದರು. ಪಕ್ಕದಲ್ಲಿ ಕೂತಿದ್ದ ಅಮೆರಿಕದ ಅಜ್ಜಿ ಇವರ ಮುಖ ನೋಡಿ ನಕ್ಕರು. ನನ್ನ ಹತ್ತು ವರ್ಷದ ಮಗ ಮಾತ್ರ ಒಪ್ಪಲಿಲ್ಲ. "ಅಜ್ಜ, ಅದು ಔಟ್ ಅಲ್ಲ. ಬಾಲ್ ನೆಲಕ್ಕೆ ಬಿತ್ತಲ್ಲ?" ಎಂದ. ಅಷ್ಟರಲ್ಲಿ ಮೈದಾನದಲ್ಲಿದ್ದ ಅಂಪೈರ್ ಕೈ ಎತ್ತಿದರು. ಹೊಡೆದವನು ಬ್ಯಾಟ್ ಬಗಲಲ್ಲಿಟ್ಟುಕೊಂಡು ವಾಪಸ್ ನಡೆದ. ಔಟ್.

ಅದು ಬೇಸ್‌ಬಾಲ್. ಊರು ಓಹಾಯೊ ರಾಜ್ಯದ ಕೊಲಂಬಸ್. ಆದರೆ ಆಡುತ್ತಿದ್ದದ್ದು 1860ರ ನಿಯಮದಂತೆ. ಚೆಂಡು ಒಂದು ಸಲ ನೆಲಕ್ಕೆ ಪುಟಿದ ಮೇಲೆ ಹಿಡಿದರೂ ಆಗ ಔಟೇ. ನನ್ನ ಮಗನಿಗೆ ಇದು ಗೊತ್ತಿರಲಿಲ್ಲ. ಬೇಸ್‌ಬಾಲ್ ಎಂದರೇನೆಂದೇ ಸರಿಯಾಗಿ ತಿಳಿಯದ ಅಪ್ಪನಿಗೆ ಗೊತ್ತಿತ್ತು. ಯಾಕೆಂದರೆ ಭದ್ರಾವತಿಯ ನಮ್ಮ ಬೀದಿಯಲ್ಲೂ ಅದೇ ನಿಯಮ ಇತ್ತು.

ಆ ಬೇಸಿಗೆಯಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಿದ್ದರು. ಅಮ್ಮ ಎರಡೇ ವಾರದಲ್ಲಿ ಹೊಂದಿಕೊಂಡರು. ಹಿತ್ತಲಲ್ಲಿ ಮೆಂತ್ಯ ಬಿತ್ತಿದರು, ಪಕ್ಕದ ಬೀದಿಯ ತೆಲುಗಿನವರ ಜೊತೆ ಸಂಜೆ ವಾಕಿಂಗ್ ಶುರು ಮಾಡಿದರು. ಅಪ್ಪನಿಗೆ ಆಗಲಿಲ್ಲ. ಮೂವತ್ತನಾಲ್ಕು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು, ಸಂಜೆಯಾದರೆ ನಾಲ್ಕು ಜನರ ಜೊತೆ ಮಾತಾಡಿ ಬರುವವರು. ಇಲ್ಲಿ ಬೀದಿಯಲ್ಲಿ ಜನರೇ ಕಾಣೋದಿಲ್ಲ ಅನ್ನುತ್ತಿದ್ದರು. ಕಂಡವರ ಜೊತೆ ಇಂಗ್ಲಿಷ್ ಆಡಲು ಸಂಕೋಚ. ಬೆಳಿಗ್ಗೆ ಮೊಬೈಲಿನಲ್ಲಿ ಕ್ರಿಕೆಟ್, ಮಧ್ಯಾಹ್ನ ನಿದ್ದೆ, ಸಂಜೆ ಕಿಟಕಿ. ಮಗ ಟಿವಿಯಲ್ಲಿ ಬೇಸ್‌ಬಾಲ್ ಹಾಕಿ ಪಾಠ ಮಾಡಲು ನೋಡಿದ. ಅಪ್ಪ ಮೊಮ್ಮಗನಿಗಾಗಿ ತಲೆಯಾಡಿಸಿದರೇ ಹೊರತು ಮನಸ್ಸು ಅಲ್ಲಿರಲಿಲ್ಲ. ಒಮ್ಮೆ ಸ್ಟೇಡಿಯಮ್ಮಿಗೂ ಕರೆದುಕೊಂಡು ಹೋದೆವು. ಹಾಡು, ದೊಡ್ಡ ಪರದೆ, ಪಟಾಕಿ. "ಚೆನ್ನಾಗಿದೆ" ಎಂದರು ಅಷ್ಟೇ.

ಸೆಪ್ಟೆಂಬರ್ ಮೊದಲ ವಾರ, ಲೇಬರ್ ಡೇ ರಜೆ. ಎಲ್ಲಿಗೆ ಹೋಗೋದು ಎಂದು ಹುಡುಕುವಾಗ ಓಹಾಯೊ ವಿಲೇಜ್‌ನಲ್ಲಿ ಹಳೇ ಕಾಲದ ಬೇಸ್‌ಬಾಲ್ ಇದೆ ಎಂದು ಕಂಡಿತು. ಹೈವೇ 71ರ ಪಕ್ಕದಲ್ಲೇ ಇತಿಹಾಸ ಮ್ಯೂಸಿಯಂ. ಅದರ ಮಗ್ಗುಲಲ್ಲಿ ಹತ್ತೊಂಬತ್ತನೇ ಶತಮಾನದ ಊರಿನ ಹಾಗೆ ಕಟ್ಟಿದ ಪುಟ್ಟ ಹಳ್ಳಿ. ಅದೇ ಓಹಾಯೊ ವಿಲೇಜ್. ಹತ್ತು ವರ್ಷ ಅದೇ ರಸ್ತೆಯಲ್ಲಿ ಕಾರು ಓಡಿಸಿದ್ದೇನೆ. ಒಳಗೆ ಹೋಗಿದ್ದು ಅದೇ ಮೊದಲು.

ಒಳಗೆ ಒಂದು ಹುಲ್ಲುಗಾವಲು. ಮಫಿನ್ ಮೆಡೊ ಎಂದು ಅದರ ಹೆಸರು. ಗ್ಯಾಲರಿ ಇಲ್ಲ, ಮೈಕ್ ಇಲ್ಲ, ಬೌಂಡರಿಗೆ ಹಗ್ಗವೂ ಇಲ್ಲ. ಜನ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಡುವವರು ಬಿಳಿ ಅಂಗಿ ತೊಟ್ಟಿದ್ದರು. ಕೆಲವರ ಎದೆಯ ಮೇಲೆ ಗುಂಡಿ ಹಾಕಿದ ಬಟ್ಟೆಯ ಫಲಕ, ಅದರ ಮೇಲೆ ತಂಡದ ಅಕ್ಷರ. ಇಪ್ಪತ್ತರ ಹುಡುಗನಿಂದ ಹಿಡಿದು ಅಪ್ಪನ ವಯಸ್ಸಿನವರವರೆಗೂ ಇದ್ದರು. ಯಾರ ಕೈಯಲ್ಲೂ ಗ್ಲೌಸ್ ಇಲ್ಲ. ಅಂಪೈರ್ ಕಪ್ಪು ಕೋಟು, ಎತ್ತರದ ಟೋಪಿ ಹಾಕಿಕೊಂಡು ಕೋಲು ಹಿಡಿದು ನಿಂತಿದ್ದರು.

ಆಟ ಶುರುವಾಗುವ ಮೊದಲೇ ಅಪ್ಪ ಮೈದಾನಕ್ಕೆ ಇಳಿದುಬಿಟ್ಟಿದ್ದರು. ಹೊಡೆಯುವವನು ನಿಲ್ಲುವ ಜಾಗದ ಗುರುತಿಗೆ ಹೋಮ್ ಪ್ಲೇಟ್ ಅನ್ನುತ್ತಾರೆ. ಈಗಿನ ಬೇಸ್‌ಬಾಲಿನಲ್ಲಿ ಅದು ಐದು ಮೂಲೆಯ ರಬ್ಬರ್. 1860ರಲ್ಲಿ ಅದು ಬಿಳಿ ಬಣ್ಣ ಬಳಿದ ಕಬ್ಬಿಣದ ದುಂಡು ತಟ್ಟೆ. ಅಪ್ಪ ಬಗ್ಗಿ ಬೆರಳಿನ ಗೆಣ್ಣಿನಿಂದ ಅದನ್ನು ಕುಟ್ಟಿ ನೋಡಿದರು. "ಕಬ್ಬಿಣವೇ ಕಣೇ" ಎಂದು ನನಗೆ ಕೂಗಿ ಹೇಳಿದರು. ಆ ದನಿಯನ್ನು ನಾನು ಎರಡು ತಿಂಗಳಿಂದ ಕೇಳಿರಲಿಲ್ಲ.

ಆ ಊರ ತಂಡದ ಹೆಸರು ಓಹಾಯೊ ವಿಲೇಜ್ ಮಫಿನ್ಸ್. 1981ರಲ್ಲಿ ಶುರುವಾದ ತಂಡ. ಹಳೇ ನಿಯಮದಲ್ಲಿ ಆಡುವ ಕ್ಲಬ್‌ಗಳಲ್ಲಿ ಇವರು ಹಿರಿಯರು. ಈಗ ಅಮೆರಿಕದ ತುಂಬ ಇಂಥ ತಂಡಗಳಿವೆ. ಡಯಮಂಡ್ಸ್ ಎಂದು ಹೆಂಗಸರ ತಂಡವೂ ಇದೇ ಮೈದಾನದಲ್ಲಿ ಇದೆ. ಮಫಿನ್ ಎಂದರೆ ತಿನ್ನುವ ಮಫಿನ್ ಎಂದುಕೊಂಡಿದ್ದೆ. ಅಲ್ಲವಂತೆ. ಕ್ಯಾಚ್ ಕೈಬಿಡುವುದಕ್ಕೆ ಇಂಗ್ಲಿಷಿನಲ್ಲಿ ಮಫ್ ಅನ್ನುತ್ತಾರೆ. ಆಗಿನ ಕ್ಲಬ್‌ಗಳಲ್ಲಿ ಒಳ್ಳೇ ಆಟಗಾರರದು ಮೊದಲ ಒಂಬತ್ತು, ಆಮೇಲಿನವರದು ಎರಡನೇ ಒಂಬತ್ತು. ಅಷ್ಟೂ ಆಡಲು ಬಾರದೆ, ಆದರೂ ಆಡಲೇಬೇಕೆಂದು ಬರುವವರು ಮಫಿನ್‌ಗಳು. ಅವರಿಗೂ ಕ್ಲಬ್ಬಿನಲ್ಲಿ ಜಾಗ ಇತ್ತು, ಅವರದೂ ಪಂದ್ಯ ನಡೆಯುತ್ತಿತ್ತು.

ಇದನ್ನು ಕೇಳಿದಾಗ ನನಗೆ ಒಳಗೇ ಏನೋ ಆಯಿತು. ನಮ್ಮ ಬೀದಿಯ ಕ್ರಿಕೆಟ್‌ನಲ್ಲಿ ನಾನು ಕಾಮನ್ ಪ್ಲೇಯರ್. ಹುಡುಗರು ಬೆಸ ಸಂಖ್ಯೆಯಲ್ಲಿದ್ದರೆ ಎರಡೂ ಕಡೆಗೆ ನಾನೊಬ್ಬಳು. ಬ್ಯಾಟಿಂಗ್ ಕೊನೆಗೆ, ಅದೂ ಬೆಳಕು ಇದ್ದರೆ. ಆದರೂ "ಬಾರೇ, ಒಬ್ರು ಕಮ್ಮಿ ಇದೀವಿ" ಎಂದು ಗೇಟಿನ ಹತ್ತಿರ ಬಂದು ಕರೆಯುತ್ತಿದ್ದರಲ್ಲ, ಆ ಕರೆಗಾಗಿ ನಾನು ಮಧ್ಯಾಹ್ನದಿಂದ ಕಾಯುತ್ತಿದ್ದೆ.

ಆಟ ಶುರುವಾಯಿತು. ನೋಡುತ್ತಾ ನೋಡುತ್ತಾ ಅಪ್ಪ ಕುರ್ಚಿಯ ಅಂಚಿಗೆ ಬಂದರು. ಚೆಂಡು ಎಸೆಯುವವನನ್ನು ಅವರು ಹರ್ಲರ್ ಅನ್ನುತ್ತಾರೆ. ಕೇವಲ 45 ಅಡಿ ದೂರದಿಂದ, ಕೈಯನ್ನು ಕೆಳಗಿನಿಂದ ಬೀಸಿ ಎಸೆಯುತ್ತಾನೆ. ಈಗಿನ ಪಿಚರ್ 60 ಅಡಿ 6 ಇಂಚು ದೂರದಿಂದ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಎಸೆಯುವುದು ಹೊಡೆಯಲು ಬಿಡಬಾರದೆಂದು. ಈ ಹರ್ಲರ್ ಎಸೆಯುವುದು ಹೊಡೆಯಲಿ ಎಂದು. ಹೊಡೆದ ಮೇಲೆಯೇ ಆಟ. ಆಗ ಎಲ್ಲರಿಗೂ ಕೆಲಸ, ಎಲ್ಲರಿಗೂ ಓಟ. ರನ್ನಿಗೆ ಏಸ್ ಎಂದು ಹೆಸರು. ಏಸ್ ಗಳಿಸಿದವನು ಓಡಿ ಹೋಗಿ ಒಂದು ಗಂಟೆ ಬಾರಿಸುತ್ತಾನೆ, ಆಮೇಲೆ ಲೆಕ್ಕ ಬರೆಯುವವರು ಪುಸ್ತಕದಲ್ಲಿ ಗೀಟು ಎಳೆಯುತ್ತಾರೆ. ಎದುರು ತಂಡದವನು ಚೆನ್ನಾಗಿ ಆಡಿದರೂ ಎಲ್ಲರೂ "ಹಝಾ!" ಎಂದು ಕೂಗುತ್ತಾರೆ. ಮೂರನೇ ಸಲಕ್ಕೆ ಅಮ್ಮ ಕೂಡ ಕೂಗಿದರು, ಕೈಯಲ್ಲಿ ಕೋಡುಬಳೆ ಡಬ್ಬ ಹಿಡಿದುಕೊಂಡೇ.

ಬಿಡುವಿನಲ್ಲಿ ಒಬ್ಬ ಆಟಗಾರ ಮಗನ ಕೈಗೆ ಚೆಂಡು ಕೊಟ್ಟ. ಈಗಿನ ಚೆಂಡಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ. ಒಂದೇ ತುಂಡು ಚರ್ಮವನ್ನು ನಾಲ್ಕು ಎಸಳಿನಂತೆ ಮಡಚಿ ಹೊಲಿದಿದ್ದರು. ಲೆಮನ್ ಪೀಲ್ ಅನ್ನುತ್ತಾರಂತೆ, ನಿಂಬೆ ಸಿಪ್ಪೆ. ಅಪ್ಪ ಅದನ್ನು ಒತ್ತಿ ನೋಡಿದರು. "ಇದನ್ನ ಬರಿಗೈಯಲ್ಲಿ ಹಿಡೀಬೇಕಾ? ಅದಕ್ಕೇ ಒನ್ ಪಿಚ್ ಇಟ್ಟಿದ್ದಾರೆ" ಎಂದರು. ಅವರು ಹೇಳಿದ್ದು ಸರಿ. ಬರಿಗೈಗೆ ಅದು ಕರುಣೆ ತೋರಿಸುವ ನಿಯಮ. ಗಂಡಸರ ಆಟಕ್ಕೆ ಇದು ತಕ್ಕದ್ದಲ್ಲ ಎಂದು ಆಗಲೇ ಕೆಲವರು ಜಗಳ ತೆಗೆದರು. ವರ್ಷಗಟ್ಟಲೆ ವಾದ ನಡೆದು, 1864ರ ಡಿಸೆಂಬರ್‌ನಲ್ಲಿ ಕ್ಲಬ್‌ಗಳ ಸಭೆ ಆ ನಿಯಮವನ್ನು ಕೈಬಿಟ್ಟಿತು. ಗೆರೆಯ ಹೊರಗೆ ಹೋಗುವ ಫೌಲ್ ಚೆಂಡಿಗೆ ಮಾತ್ರ ಇನ್ನೂ ಬಹಳ ಕಾಲ ಉಳಿಯಿತು.

ನಮ್ಮ ಬೀದಿಯಲ್ಲಿ ಕಾರಣ ಬೇರೆ ಇತ್ತು. ರಬ್ಬರ್ ಚೆಂಡು, ಕೈ ನೋಯುತ್ತಿರಲಿಲ್ಲ. ಆದರೆ ಫೀಲ್ಡರ್‌ಗಳು ಮೂರೇ ಜನ, ಎರಡೂ ಕಡೆ ಮನೆಗಳು. ಚೆನ್ನಾಗಿ ಆಡುವ ಹುಡುಗ ಔಟೇ ಆಗುತ್ತಿರಲಿಲ್ಲ. ಅವನನ್ನು ಔಟ್ ಮಾಡಿ ಉಳಿದವರಿಗೂ ಬ್ಯಾಟ್ ಸಿಗಲಿ ಎಂದು ಒನ್ ಪಿಚ್. ಓಹಾಯೊದವರು ನಮ್ಮನ್ನು ನೋಡಿ ಕಲಿಯಲಿಲ್ಲ, ನಾವೂ ಅವರನ್ನು ನೋಡಿ ಕಲಿಯಲಿಲ್ಲ. ಆಡುವವರೇ ಕೂತು ನಿಯಮ ಮಾಡಿಕೊಂಡಾಗ ಇಂಥದ್ದು ಹುಟ್ಟುತ್ತದೆ ಅನ್ನಿಸುತ್ತದೆ.

ಒಂದು ವಿಷಯ ನನ್ನನ್ನು ಸ್ವಲ್ಪ ಹಿಡಿದು ನಿಲ್ಲಿಸಿತು. ಆ ಕಾಲ ಎಲ್ಲರಿಗೂ ಒಳ್ಳೆಯದಾಗಿರಲಿಲ್ಲ. 1867ರಲ್ಲಿ ಇದೇ ಕ್ಲಬ್‌ಗಳ ಸಂಘ ಕಪ್ಪು ಜನರಿರುವ ಕ್ಲಬ್‌ಗಳನ್ನು ಸೇರಿಸಿಕೊಳ್ಳಬಾರದೆಂದು ತೀರ್ಮಾನಿಸಿತು. ಓಹಾಯೊದಲ್ಲೇ ಹುಟ್ಟಿದ ಕಪ್ಪು ಆಟಗಾರ ಮೋಸೆಸ್ ಫ್ಲೀಟ್‌ವುಡ್ ವಾಕರ್ 1884ರಲ್ಲಿ ಟೊಲೀಡೊ ತಂಡಕ್ಕಾಗಿ ದೊಡ್ಡ ಲೀಗ್‌ನಲ್ಲಿ ಆಡಿದ. ಆಮೇಲೆ ಆ ಬಾಗಿಲು ಮುಚ್ಚಿತು. 1947ರಲ್ಲಿ ಜಾಕಿ ರಾಬಿನ್‌ಸನ್ ಬರುವವರೆಗೂ ತೆರೆಯಲಿಲ್ಲ. ಹಾಗಾಗಿ 1860 ಎಂಬ ಕಾಲಕ್ಕೆ ನನಗೆ ಹೋಗಬೇಕೆನ್ನಿಸುವುದಿಲ್ಲ. ಹೋದರೆ ನಮ್ಮಂಥವರನ್ನು ಎಲ್ಲಿ ಕೂರಿಸುತ್ತಿದ್ದರೋ. ಆದರೆ ಆಗ ಆಡುತ್ತಿದ್ದ ಆ ರೀತಿ ಬೇಕು ಅನ್ನಿಸುತ್ತದೆ. ಅಲ್ಲಿದ್ದವರಿಗೂ ಬೇಕಾದದ್ದು ಅದೇ ಇರಬೇಕು.

ಆರನೇ ಇನ್ನಿಂಗ್ಸ್ ಇರಬೇಕು. ಹೊರ ಊರಿನ ತಂಡದವನೊಬ್ಬ ಜೋರಾಗಿ ಹೊಡೆದ. ಚೆಂಡು ನಮ್ಮ ಕಡೆಗೇ ಬಂತು. ಮಫಿನ್ಸ್‌ನ ಗಡ್ಡದ ಆಟಗಾರ ಓಡಿ ಬಂದು, ಹುಲ್ಲಿನ ಮೇಲೆ ಜಾರಿ, ನಮ್ಮ ಕುರ್ಚಿಗಳಿಂದ ಆರಡಿ ದೂರದಲ್ಲಿ ಚೆಂಡು ಹಿಡಿದ. ಜನ ಚಪ್ಪಾಳೆ ಹೊಡೆದರು. ಅವನು ಎದ್ದು ನಿಂತ, ಆದರೆ ಚೆಂಡನ್ನು ಮೇಲೆತ್ತಿ ತೋರಿಸಲಿಲ್ಲ. ಅಂಪೈರ್ ಬಂದು ಕೇಳಿದರು. "ಒಂದು ಸಲ ಪುಟಿಯಿತೋ ಎರಡು ಸಲವೋ, ನನಗೆ ನಿಜವಾಗಿ ಗೊತ್ತಾಗಲಿಲ್ಲ" ಎಂದ.

ಅಂಪೈರ್ ಟೋಪಿ ತೆಗೆದು ನಮ್ಮ ಕಡೆ ತಿರುಗಿದರು. ನೇರವಾಗಿ ಅಪ್ಪನನ್ನೇ ನೋಡಿ, "ಸರ್, ನಿಮಗೆ ಕಂಡಿತಾ?" ಎಂದು ಕೇಳಿದರು.

ನಾನು ಉತ್ತರ ಕೊಡಲು ಬಾಯಿ ತೆರೆದಿದ್ದೆ. ಎರಡು ತಿಂಗಳಿಂದ ಅದೇ ಅಭ್ಯಾಸ. ಅಂಗಡಿಯಲ್ಲಿ, ಪಾರ್ಕಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ಅಪ್ಪ ನನ್ನ ಕಡೆ ನೋಡುತ್ತಿದ್ದರು. ಈ ಸಲ ನೋಡಲಿಲ್ಲ. ಎದ್ದು ನಿಂತು, ಎರಡು ಬೆರಳು ಎತ್ತಿದರು. "ಟೂ ಪಿಚ್" ಎಂದರು. ಆಮೇಲೆ ಬಗ್ಗಿ, ಹುಲ್ಲಿನ ಮೇಲೆ ಚೆಂಡು ಬಿದ್ದ ಎರಡೂ ಜಾಗವನ್ನು ಬೆರಳಿನಿಂದ ತೋರಿಸಿದರು. ಒಂದು, ಎರಡು.

ಅಲ್ಲಿ ಯಾರೂ ಪಿಚ್ ಎಂಬ ಪದವನ್ನು ಹಾಗೆ ಬಳಸುವುದಿಲ್ಲ. ಆದರೂ ಎಲ್ಲರಿಗೂ ಅರ್ಥವಾಯಿತು. ಅಂಪೈರ್ ಅಪ್ಪನಿಗೆ ತಲೆಬಾಗಿ, ಔಟ್ ಇಲ್ಲ ಎಂದು ಸಾರಿದರು. ಗಡ್ಡದವನು ಬಂದು ಅಪ್ಪನ ಕೈ ಕುಲುಕಿದ. ಮಗ ಮಾತ್ರ ಮೆಲ್ಲಗೆ, "ಅಜ್ಜ, ನಾವು ಮಫಿನ್ಸ್ ಕಡೆ ಅಲ್ವಾ?" ಎಂದ.

"ಕಡೆ ಬೇರೆ, ಕಂಡಿದ್ದು ಬೇರೆ" ಎಂದರು ಅಪ್ಪ. ಅಲ್ಲಿಂದ ವಿಶ್ವನಾಥ್ ಕತೆ ಶುರುವಾಯಿತು. ನಾನು ಸಾಕಷ್ಟು ಸಲ ಕೇಳಿದ ಕತೆ, ಮಗನಿಗೆ ಹೊಸದು. 1980ರ ಫೆಬ್ರವರಿ, ಬಾಂಬೆಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್. ನಾಯಕ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. ಇಂಗ್ಲೆಂಡಿನ ಐದು ವಿಕೆಟ್ ಬಿದ್ದಿತ್ತು. ಬಾಬ್ ಟೇಲರ್ ಹಿಂದೆ ಕ್ಯಾಚ್ ಎಂದು ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್‌ಗೆ ಗೊತ್ತಿತ್ತು. ವಾಪಸ್ ಕರೆದರು. ಟೇಲರ್ ಮತ್ತು ಬೋಥಂ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. "ಕಾರ್ಖಾನೆಯಲ್ಲಿ ರೇಡಿಯೊ ಸುತ್ತ ನಿಂತು ಕೇಳಿದ್ವಿ. ಸೋತಾಗ ಬೇಜಾರಾಯ್ತು. ಆದ್ರೆ ಒಬ್ರೂ ಅವರನ್ನ ಬೈಲಿಲ್ಲ" ಎಂದರು.

ಹಾಗೆ ನೋಡಿದರೆ ಈ ಎರಡು ಆಟ ಅಷ್ಟೇನೂ ದೂರದವಲ್ಲ. ಓಹಾಯೊದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ 1869ರಲ್ಲಿ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ತಂಡ. ಅದರ ನಾಯಕ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದವನು. ಸಿನ್ಸಿನಾಟಿಗೆ ಬಂದದ್ದೇ ಕ್ರಿಕೆಟ್ ಆಡಲು. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಸಂತೋಷಪಟ್ಟರು. ತಮ್ಮವನೊಬ್ಬ ಮೊದಲೇ ಇಲ್ಲಿಗೆ ಬಂದು ಹೋಗಿದ್ದಾನೆ ಎಂಬ ಹಾಗೆ.

ಮಫಿನ್ಸ್ ಅಂದು ಸೋತರು. ಆಟ ಮುಗಿದ ಮೇಲೆ ಎರಡೂ ತಂಡ ಎದುರುಬದುರು ಸಾಲಾಗಿ ನಿಂತವು. ನಾಯಕರು ಒಬ್ಬರನ್ನೊಬ್ಬರು ಹೊಗಳಿ ಎರಡು ಮಾತಾಡಿದರು. ಮೂರು ಸಲ ಹಝಾ ಕೂಗಿದರು. ಕಾರಿನಲ್ಲಿ ಅಪ್ಪ ಕೇಳಿದರು, "ಎಷ್ಟರಲ್ಲಿ ಸೋತರು?" ಆರು ಏಸ್ ಎಂದ ಮಗ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ಮನೆ ಹತ್ತಿರ ಬಂದಾಗ ಇನ್ನೊಂದು ಸಲ. ಮಗನಿಗೆ ಆಗ ಹೊಳೆಯಿತು. "ಅಜ್ಜ, ಅವನು ಔಟ್ ಆಗಿದ್ದರೂ ಸೋಲುತ್ತಿದ್ದರು. ನಾನು ಲೆಕ್ಕ ಹಾಕಿದೆ" ಎಂದ. ಅಪ್ಪ ಕಿಟಕಿಯ ಕಡೆ ತಿರುಗಿ "ಹಂ" ಎಂದರು.

ಮರುದಿನ ಬೆಳಿಗ್ಗೆ ನಾನು ಕಾಫಿಗೆ ನೀರಿಡುವಾಗ ಹಿತ್ತಲಲ್ಲಿ ಸದ್ದು. ಮಗ ಗ್ಲೌಸ್ ಅನ್ನು ಮೆಟ್ಟಿಲ ಮೇಲೆ ಬಿಟ್ಟು ಬರಿಗೈಯಲ್ಲಿ ನಿಂತಿದ್ದ. ಅಪ್ಪ ಪಂಚೆ ಎತ್ತಿ ಕಟ್ಟಿ, ಟೆನಿಸ್ ಬಾಲನ್ನು ಕೆಳಗಿನಿಂದ ಬೀಸಿ ಎಸೆಯುತ್ತಿದ್ದರು. ನಾನೂ ಇಳಿದು ಹೋದೆ.

"ಬಾರೇ, ಒಬ್ರು ಕಮ್ಮಿ ಇದೀವಿ" ಎಂದರು ಅಪ್ಪ.

"ರೂಲ್ಸ್ ಏನು?" ಎಂದೆ.

"ಒನ್ ಪಿಚ್ ಔಟ್" ಎಂದ ಮಗ. "ಬೇಲಿ ದಾಟಿದರೂ ಔಟ್" ಎಂದರು ಅಪ್ಪ.

"ಮೆಂತ್ಯದ ಮಡಿಗೆ ಬಿದ್ದರೂ ಔಟ್" ಎಂದು ಅಡುಗೆಮನೆಯ ಕಿಟಕಿಯಿಂದ ಅಮ್ಮ ಸೇರಿಸಿದರು.