ಕ್ಯಾಸಿನೊ ಕಿಟಕಿಯ ಮುಂದೆ ಕೊನೆಯ ರಾತ್ರಿ

ಮರುದಿನ ಬೆಳಿಗ್ಗೆ ನಮ್ಮ ಪ್ರವಾಸದ ಕ್ರೂಸ್ ಹಡಗು ಬಂದರು ಸೇರಲಿತ್ತು. ಅವತ್ತು ಪೂರ್ತಿ ದಿನ ಸಮುದ್ರದಲ್ಲೇ. ತಿಂಡಿ ಮುಗಿಸಿ ಬಂದ ಭಾವ ಕ್ಯಾಬಿನ್ನಿನ ಟಿವಿಯಲ್ಲಿ ತಮ್ಮ ಬಿಲ್ ತೆಗೆದು ನೋಡುತ್ತಾ ಕೂತರು. ಕ್ಯಾಸಿನೊದಲ್ಲಿ ಆಡಲು ತೆಗೆದ ಪ್ರತಿ ಮೊತ್ತದ ಕೆಳಗೂ ಇನ್ನೊಂದು ಸಣ್ಣ ಮೊತ್ತ ಇತ್ತು. 100 ಡಾಲರ್, ಅದರ ಕೆಳಗೆ 5. 200 ಡಾಲರ್, ಅದರ ಕೆಳಗೆ 10. ಮತ್ತೆ 100, ಮತ್ತೆ 5. "ನಾನು ಎಷ್ಟು ಸೋತೆ ಅಂತ ನನಗೆ ಗೊತ್ತಿದೆ. ಇದು ಸೋತದ್ದಲ್ಲ. ಮತ್ತೆ ಇದೇನು, ನೀನೇ ನೋಡು," ಅಂದರು.

ಅದು ಶುಲ್ಕ. ಹಡಗಿನ ಖಾತೆಯಿಂದ ಕ್ಯಾಸಿನೊಗೆ ದುಡ್ಡು ತೆಗೆದರೆ ಬೀಳುವ ಶುಲ್ಕ. ದೊಡ್ಡ ಕಂಪನಿಗಳ ಹಡಗುಗಳಲ್ಲಿ ಇದು ಸಾಮಾನ್ಯವಾಗಿ 3ರಿಂದ 5 ಪರ್ಸೆಂಟ್ ಇರುತ್ತದೆ. ನಮ್ಮ ಹಡಗಿನಲ್ಲಿ 5 ಇತ್ತು. ಕ್ಯಾಸಿನೊದ ಆಟದ ಮೆಷಿನ್‌ನ ಪರದೆಯಲ್ಲಿ ಅದನ್ನು ಬರೆದೇ ಇರುತ್ತಾರೆ, ಆದರೆ ಮೊತ್ತ ಆರಿಸುವ ಗುಂಡಿಗಳು ಅಂಗೈಯಷ್ಟು ದೊಡ್ಡದು, ಶುಲ್ಕದ ಸಾಲು ಮಾತ್ರ ಕನ್ನಡಕ ಹಾಕಿ ಹುಡುಕಬೇಕು. ನನಗೆ ಇದು ಸರಿ ಅನ್ನಿಸುವುದಿಲ್ಲ. ದುಡ್ಡು ತೆಗೆಯುವ ಗುಂಡಿಯ ಮೇಲೇ ದೊಡ್ಡದಾಗಿ "105 ಡಾಲರ್ ಕಡಿತವಾಗುತ್ತದೆ, ಆಡಲು 100 ಸಿಗುತ್ತದೆ" ಅಂತ ಬರೆದರೆ ಏನು ಕಷ್ಟ?

ಹಡಗಿನಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಅನ್ನೋದನ್ನು ಮೊದಲು ಹೇಳಬೇಕು, ಯಾಕೆಂದರೆ ಅದು ಗೊತ್ತಿಲ್ಲದೆ ಕ್ಯಾಸಿನೊ ಲೆಕ್ಕ ಅರ್ಥವಾಗುವುದಿಲ್ಲ. ಹತ್ತುವಾಗಲೇ ಒಂದು ಕಾರ್ಡ್ ಕೊಡುತ್ತಾರೆ. ಹಡಗು ಕಂಪನಿಗಳಲ್ಲಿ ರಾಯಲ್ ಕೆರಿಬಿಯನ್ ಅದನ್ನು ಸೀಪಾಸ್ ಅನ್ನುತ್ತದೆ, ಕಾರ್ನಿವಲ್ ಸೇಲ್ ಅಂಡ್ ಸೈನ್ ಅನ್ನುತ್ತದೆ, ಪ್ರಿನ್ಸೆಸ್‌ನಲ್ಲಿ ಕಾರ್ಡ್ ಬದಲು ಮೆಡಾಲಿಯನ್ ಅನ್ನುವ ಬಿಲ್ಲೆ ಇದೆ. ಹೆಸರು ಯಾವುದೇ ಇರಲಿ, ಅದೇ ಕ್ಯಾಬಿನ್ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ದುಡ್ಡು. ನಮ್ಮ ಕ್ರೆಡಿಟ್ ಕಾರ್ಡ್ ಅದರ ಹಿಂದೆ ಕೂತಿರುತ್ತದೆ. ಹಡಗಿನ ಅಂಗಡಿಯಲ್ಲಾಗಲಿ ಬಾರ್‌ನಲ್ಲಾಗಲಿ ಯಾರೂ ನೋಟು ತೆಗೆದುಕೊಳ್ಳುವುದಿಲ್ಲ, ಎಲ್ಲವೂ ಖಾತೆಗೆ. ಖರ್ಚು ಮಾಡುವ ಜಾಗಗಳಲ್ಲಿ ಕ್ಯಾಸಿನೊ ಒಂದರಲ್ಲಿ ಮಾತ್ರ ನೋಟು ನಡೆಯುತ್ತದೆ. ಹಾಗಾಗಿ ಅಲ್ಲಿ ದುಡ್ಡು ಹಾಕಲು ಎರಡು ದಾರಿ.

ಕಾರ್ಡಿನ ದಾರಿ ಹೀಗೆ. ಸ್ಲಾಟ್ ಮೆಷಿನ್‌ಗೆ ಕಾರ್ಡ್ ತೂರಿಸಿ, ಪಿನ್ ಒತ್ತಿ, ಎಷ್ಟು ಬೇಕು ಅಂತ ಆರಿಸಿದರೆ ಆಯಿತು, ಮೆಷಿನ್‌ನಲ್ಲಿ ಕ್ರೆಡಿಟ್, ಅಂದರೆ ಆಡಲು ಅಷ್ಟು ಹಣ, ಕಾಣಿಸುತ್ತದೆ. ದಿನಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ. ಮೇಜಿನ ಆಟಕ್ಕೂ ಕಾರ್ಡ್ ತೋರಿಸಿ, ಸಹಿ ಮಾಡಿ ಚಿಪ್ಸ್, ಅಂದರೆ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳನ್ನು, ಪಡೆಯಬಹುದು. ಎರಡರಲ್ಲೂ ಶುಲ್ಕ ಸೇರಿಕೊಳ್ಳುತ್ತದೆ.

ನೋಟಿನ ದಾರಿಯಲ್ಲಿ ಶುಲ್ಕ ಇಲ್ಲ. ಮೆಷಿನ್ ನೋಟನ್ನೇ ನುಂಗುತ್ತದೆ. ಮೇಜಿಗೆ ಕೂತರೆ ನೋಟನ್ನು ಆಟ ನಡೆಸುವ ಡೀಲರ್ ಕೈಗೆ ಕೊಡಬಾರದು, ಹಸಿರು ಬಟ್ಟೆಯ ಮೇಲೆ ಇಡಬೇಕು. ಡೀಲರ್ ಅದನ್ನು ಮೇಲಿನ ಕ್ಯಾಮೆರಾಗೆ ಕಾಣುವ ಹಾಗೆ ಹರಡಿ, ಗಟ್ಟಿಯಾಗಿ ಎಣಿಸಿ, ಹಿಂದೆ ನಿಂತ ಮೇಲ್ವಿಚಾರಕರಿಗೆ ಹೇಳಿ, ಆಮೇಲೆ ಚಿಪ್ಸ್ ತಳ್ಳುತ್ತಾರೆ. ನೋಟುಗಳನ್ನು ಒಂದು ಪ್ಲಾಸ್ಟಿಕ್ ಪಟ್ಟಿಯಿಂದ ಮೇಜಿನ ಸೀಳಿನೊಳಗೆ ತುರುಕುತ್ತಾರೆ. ಅಲ್ಲಿಂದ ಅದು ವಾಪಸ್ ಬರುವುದಿಲ್ಲ. ಡೀಲರ್ ಚಿಪ್ಸ್‌ಗೆ ಬದಲಾಗಿ ನೋಟು ಕೊಡುವುದಿಲ್ಲ, ಕೊಡುವ ಹಾಗೂ ಇಲ್ಲ. ಏಳುವಾಗ ಕೇಳಿದರೆ ಸಣ್ಣ ಚಿಪ್ಸ್‌ಗಳನ್ನು ದೊಡ್ಡ ಚಿಪ್ಸ್‌ಗೆ ಬದಲಾಯಿಸಿ ಕೊಡುತ್ತಾರೆ, ಅಷ್ಟೇ.

ಈ 5 ಪರ್ಸೆಂಟ್ ಎಷ್ಟು ದೊಡ್ಡದು ಅಂತ ಭಾವನಿಗೆ ನಾನು ಕಾಗದದ ಮೇಲೆ ಬರೆದು ತೋರಿಸಿದೆ. ರೂಲೆಟ್ ಅಂದರೆ ತಿರುಗುವ ಚಕ್ರದ ಯಾವ ಮನೆಗೆ ಚೆಂಡು ಬೀಳುತ್ತದೆ ಅಂತ ಪಣ ಕಟ್ಟುವ ಆಟ. ಎರಡು ಸೊನ್ನೆ ಇರುವ ಚಕ್ರದಲ್ಲಿ 38 ಮನೆಗಳು. ಅಲ್ಲಿ ಕ್ಯಾಸಿನೊಗೆ ಸಿಗುವ ಲಾಭ ಕಟ್ಟಿದ ಪಣದ ಸರಾಸರಿ 5.26 ಪರ್ಸೆಂಟ್. ಒಂದೇ ಸೊನ್ನೆಯ ಚಕ್ರದಲ್ಲಾದರೆ 37 ಮನೆ, ಲಾಭ 2.70. ಅಂದರೆ ಕಾರ್ಡಿನಿಂದ 100 ಡಾಲರ್ ತೆಗೆದು ಕೂತವರು ಚೆಂಡು ತಿರುಗುವ ಮೊದಲೇ, ಎರಡು ಸೊನ್ನೆಯ ಚಕ್ರದಲ್ಲಿ 100 ಡಾಲರ್ ಪಣ ಕಟ್ಟಿದಾಗ ಸರಾಸರಿ ಎಷ್ಟು ಕಳೆದುಕೊಳ್ಳುತ್ತಾರೋ ಹೆಚ್ಚುಕಡಿಮೆ ಅಷ್ಟನ್ನು ಕಳೆದುಕೊಂಡಿರುತ್ತಾರೆ! ಬ್ಲ್ಯಾಕ್‌ಜ್ಯಾಕ್ ಅನ್ನುವ ಇಸ್ಪೀಟಾಟದಲ್ಲಿ, ಒಳ್ಳೆ ನಿಯಮದ ಮೇಜಿನಲ್ಲಿ ಸರಿಯಾಗಿ ಆಡುವವರ ಎದುರು ಕ್ಯಾಸಿನೊ ಲಾಭ 1 ಪರ್ಸೆಂಟಿಗಿಂತ ಕಡಿಮೆ, ಶುಲ್ಕ ಅದರ ಎಷ್ಟೋ ಪಟ್ಟು. (ಬ್ಲ್ಯಾಕ್‌ಜ್ಯಾಕ್ ಅಂದಾಗ ಇನ್ನೊಂದು ಮಾತು. ಹಡಗಿನ ಎಷ್ಟೋ ಮೇಜುಗಳಲ್ಲಿ ಬ್ಲ್ಯಾಕ್‌ಜ್ಯಾಕ್ ಬಿದ್ದರೆ, ಅಂದರೆ ಮೊದಲ ಎರಡು ಎಲೆಯಲ್ಲೇ 21 ಆದರೆ, 10 ಡಾಲರ್ ಪಣಕ್ಕೆ 15ರ ಬದಲು 12 ಡಾಲರ್ ಕೊಡುತ್ತಾರೆ. 6:5 ಅಂತ ಬಟ್ಟೆಯ ಮೇಲೇ ಅಚ್ಚಾಗಿರುತ್ತದೆ, ಕೂರುವ ಮೊದಲು ಓದಿಕೊಳ್ಳಿ.)

ಶುಲ್ಕ ದುಡ್ಡು ತೆಗೆದಾಗ ಒಂದು ಸಲ ಮಾತ್ರ ಬೀಳುತ್ತದೆ, ಪ್ರತಿ ಪಣಕ್ಕೂ ಬೀಳುವುದಿಲ್ಲ, ಅದೂ ನಿಜ. ಆದರೆ ಆಡದೆ ಹಾಗೇ ವಾಪಸ್ ಪಡೆದರೂ ಅದು ಮರಳಿ ಬರುವುದಿಲ್ಲ.

ಭಾವನ ವಿಷಯದಲ್ಲಿ ಜಾಸ್ತಿ ನಷ್ಟವಾದದ್ದು ಬೇರೆ ಕಡೆ. ಕಾರ್ಡ್ ಒಂದೇ ಆದರೂ ಅದರ ಹಿಂದೆ ಎರಡು ಲೆಕ್ಕಗಳಿವೆ, ಒಂದೇ ಪರ್ಸಿನ ಎರಡು ಖಾನೆ ಇದ್ದ ಹಾಗೆ. ಒಂದು ಕ್ಯಾಬಿನ್ ಖಾತೆ, ಅದರ ಬಿಲ್ ಕೊನೆಗೆ ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ. ಇನ್ನೊಂದು ಕ್ಯಾಸಿನೊ ಖಾತೆ. ಮೆಷಿನ್‌ನಲ್ಲಿ ಉಳಿದ ದುಡ್ಡು ತೆಗೆಯುವ ಕ್ಯಾಶ್ ಔಟ್ ಗುಂಡಿ ಒತ್ತಿದರೆ ದುಡ್ಡು ಈ ಎರಡನೆಯದಕ್ಕೆ ಹೋಗುತ್ತದೆ, ಕ್ಯಾಬಿನ್ ಬಿಲ್‌ನಿಂದ ಕಡಿಮೆಯಾಗುವುದಿಲ್ಲ. ಮುಂದಿನ ಮೆಷಿನ್‌ಗೆ ಹೋದಾಗ ಕ್ಯಾಸಿನೊ ಖಾತೆಯಿಂದ ತೆಗೆದರೆ ಶುಲ್ಕ ಇಲ್ಲ, ಕ್ಯಾಬಿನ್ ಖಾತೆಯಿಂದ ತೆಗೆದರೆ ಮತ್ತೆ ಶುಲ್ಕ. ಭಾವ ಗೆದ್ದದ್ದನ್ನು ಒಂದು ಕಡೆ ಇಟ್ಟು ಪ್ರತಿ ಸಲ ಕ್ಯಾಬಿನ್ ಖಾತೆಯನ್ನೇ ಒತ್ತುತ್ತಿದ್ದರು. "ಗೆದ್ದದ್ದು ಬಿಲ್‌ಗೆ ವಜಾ ಆಗ್ತಾ ಇದೆ ಅಂದುಕೊಂಡಿದ್ದೆ ಕಣೋ," ಅಂದರು. ಹಾಗೆ ಅಂದುಕೊಳ್ಳೋದು ಸಹಜ ಅಲ್ವಾ? ಕಾರ್ಡ್ ಒಂದೇ, ಪಿನ್ ಒಂದೇ.

ಪ್ರವಾಸ ಬುಕ್ ಮಾಡುವಾಗ ಸಿಕ್ಕಿದ್ದ ಉಡುಗೊರೆ ಹಣ, ಆನ್‌ಬೋರ್ಡ್ ಕ್ರೆಡಿಟ್ ಅಂತಾರಲ್ಲ ಅದು, ಭಾವನ ಖಾತೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಕ್ಯಾಸಿನೊದಲ್ಲಿ ಬಳಸಬಹುದಾ ಅಂತ ಕೇಳಿದರೆ ಇಲ್ಲ ಅಂದರು. ಹಿಂದೆ ಜನ ಈ ಹಣವನ್ನು ಮೆಷಿನ್‌ಗೆ ಇಳಿಸಿ, ಆಡದೆಯೇ ನೋಟು ಮಾಡಿಕೊಂಡು ಹೋಗುತ್ತಿದ್ದರು, ಅದಕ್ಕೇ ಹಲವು ಕಂಪನಿಗಳು ಈ ಬಾಗಿಲು ಮುಚ್ಚಿವೆ. ಇದರಲ್ಲಿ ನನಗೆ ತಕರಾರಿಲ್ಲ. ಊಟಕ್ಕೋ ಹೊರಗಿನ ತಿರುಗಾಟಕ್ಕೋ ಬಳಸಿದರಾಯಿತು.

ಮಧ್ಯಾಹ್ನ ಭಾವ ಕೈಯಲ್ಲಿದ್ದ ನೋಟುಗಳಿಂದ ಆಡಿದರು, ಸಣ್ಣದಾಗಿ ಗೆದ್ದರು. ಹಡಗಿನಲ್ಲಿ ಎಟಿಎಂ ಇದೆ, ಆದರೆ ಅದರದ್ದೊಂದು ಶುಲ್ಕ, ನಮ್ಮ ಬ್ಯಾಂಕಿನದ್ದು ಇನ್ನೊಂದು. ಆಡುವ ಆಸೆ ಇರುವವರು ಎಷ್ಟು ಕಳೆದುಕೊಳ್ಳಲು ತಯಾರಿದ್ದಾರೋ ಅಷ್ಟನ್ನು ಹಡಗಿನ ಕರೆನ್ಸಿಯಲ್ಲೇ ನೋಟಾಗಿ ಹತ್ತುವ ಮೊದಲೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ನೋಟು ಹಾಕಿ ಆಡಿದರೂ ಕಾರ್ಡನ್ನು ಮೆಷಿನ್‌ನಲ್ಲಿ ಇಟ್ಟಿರಬಹುದು, ಆಡುವವರಿಗೆ ಕ್ಯಾಸಿನೊ ಕೊಡುವ ಪಾಯಿಂಟ್ಸ್ ಸೇರುತ್ತವೆ. ರಾಯಲ್ ಕೆರಿಬಿಯನ್‌ನಲ್ಲಿ ಸ್ಲಾಟ್‌ಗೆ 5 ಡಾಲರ್ ಆಡಿದರೆ ಒಂದು ಪಾಯಿಂಟ್. ಗೆದ್ದರೋ ಸೋತರೋ ಲೆಕ್ಕಕ್ಕಿಲ್ಲ, ಎಷ್ಟು ಆಡಿದರು ಅನ್ನೋದಷ್ಟೇ ಲೆಕ್ಕ. ಏಳುವಾಗ ಮಾತ್ರ ಮೊದಲು ಕ್ಯಾಶ್ ಔಟ್ ಒತ್ತಿ, ಮೆಷಿನ್‌ನಲ್ಲಿ ಸೊನ್ನೆ ಕಂಡ ಮೇಲೇ ಕಾರ್ಡ್ ಎಳೆಯಬೇಕು. ಕ್ರೆಡಿಟ್ ಹಾಗೇ ಬಿಟ್ಟು ಎದ್ದರೆ ಮುಂದೆ ಕೂರುವವರ ಕೈಗೆ ಅದು ಸಿಗುತ್ತದೆ.

ಆಗಲೇ ಪಕ್ಕದಲ್ಲಿ ಕೂತಿದ್ದ ಅಮೆರಿಕದ ಹಿರಿಯ ಹೆಂಗಸೊಬ್ಬರ ಮೆಷಿನ್ ಸದ್ದು ಮಾಡಿ ನಿಂತುಬಿಟ್ಟಿತು. ಕೆಟ್ಟಿತೇನೋ ಅಂತ ನಾವು ನೋಡಿದರೆ, ಅವರು ದೊಡ್ಡ ಮೊತ್ತ ಗೆದ್ದಿದ್ದರು. ಹೀಗೆ ಒಂದು ಮಿತಿ ದಾಟಿದ ಗೆಲುವಿಗೆ ಮೆಷಿನ್ ತಾನೇ ಬೀಗ ಹಾಕಿಕೊಳ್ಳುತ್ತದೆ. ಸಿಬ್ಬಂದಿ ಬಂದು, ಗುರುತು ನೋಡಿ, ಕಾಗದ ಬರೆದು, ಕೈಯಾರೆ ದುಡ್ಡು ಕೊಡುತ್ತಾರೆ, ಹ್ಯಾಂಡ್ ಪೇ ಅನ್ನುತ್ತಾರೆ. ಅಮೆರಿಕದವರಿಗೆ ಜೊತೆಯಲ್ಲಿ ಡಬ್ಲ್ಯು-2ಜಿ ಅನ್ನುವ ತೆರಿಗೆ ಕಾಗದವೂ ಸಿಗುತ್ತದೆ. ಸ್ಲಾಟ್ ಗೆಲುವಿಗೆ ಅದರ ಮಿತಿ ಬಹಳ ಕಾಲ 1,200 ಡಾಲರ್ ಇತ್ತು, 2026ರಿಂದ 2,000. ಅಮೆರಿಕದ ಬಂದರಿನಲ್ಲಿ ಇಳಿಯುವಾಗ ಕೈಯಲ್ಲಿ 10,000 ಡಾಲರ್‌ಗಿಂತ ಜಾಸ್ತಿ ನಗದು ಇದ್ದರೆ ಕಸ್ಟಮ್ಸ್‌ಗೆ ಹೇಳಬೇಕು ಅಂತಲೂ ಆ ಸಿಬ್ಬಂದಿ ಅವರಿಗೆ ನೆನಪಿಸಿದರು. ಅದು ತೆರಿಗೆಯಲ್ಲ, ತರಬಾರದು ಅಂತಲೂ ಅಲ್ಲ. ಹೇಳದೆ ತಂದರೆ ಮಾತ್ರ ತೊಂದರೆ.

ಸಂಜೆಯಿಂದಲೇ ಮೈಕಿನಲ್ಲಿ ಹೇಳಲು ಶುರು ಮಾಡಿದರು, ಚಿಪ್ಸ್ ಮತ್ತು ಕ್ಯಾಸಿನೊ ಖಾತೆಯ ಹಣವನ್ನು ಇವತ್ತೇ ಬಿಡಿಸಿಕೊಳ್ಳಿ ಅಂತ. ಹಡಗು ಬಂದರಿನಲ್ಲಿ ನಿಂತಾಗ ಸಾಮಾನ್ಯವಾಗಿ ಕ್ಯಾಸಿನೊ ಮುಚ್ಚಿರುತ್ತದೆ, ದಡದ ದೇಶದ ಕಾನೂನು ಅನ್ವಯಿಸುವ ನೀರನ್ನು ದಾಟಿದ ಮೇಲೆ ತೆರೆಯುತ್ತದೆ. ಆ ಗಡಿ ಹೆಚ್ಚಿನ ದೇಶಗಳಿಗೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಅಮೆರಿಕ ತನ್ನದನ್ನು 3ರಿಂದ 12ಕ್ಕೆ ಏರಿಸಿದ್ದು 1988ರಲ್ಲಿ. ದಡ ಹತ್ತಿರ ಬಂದ ಹಾಗೆ ಆಟ ನಿಲ್ಲಲೇಬೇಕು, ಆಟ ನಿಂತ ಮೇಲೆ ಕ್ಯಾಷಿಯರ್ ಕಿಟಕಿಯೂ ಮುಚ್ಚುತ್ತದೆ. ಆ ಕಿಟಕಿಗೆ ಕೇಜ್ ಅನ್ನುತ್ತಾರೆ. ಬೆಳಿಗ್ಗೆ ಇಳಿಯುವ ಗಡಿಬಿಡಿಯಲ್ಲಿ ಹೋಗಿ ಕೇಳೋಣ ಅಂದರೆ ಅಲ್ಲಿ ಯಾರೂ ಇರುವುದಿಲ್ಲ.

ರಾತ್ರಿ ಊಟದ ನಂತರ ಹೋದರೆ ಸಾಲು ಮೆಷಿನ್‌ಗಳ ಮಧ್ಯೆ ಸುತ್ತಿಕೊಂಡು ಬಾರ್‌ವರೆಗೆ ಬಂದಿತ್ತು. ದುಡ್ಡು ಒಳಗೆ ಹಾಕಲು ಪ್ರತಿ ಕುರ್ಚಿಯ ಮುಂದೆಯೂ ಒಂದು ಸೀಳು ಇದೆ, ಹೊರಗೆ ತೆಗೆಯಲು ಅವತ್ತು ಎರಡು ಕಿಟಕಿ. ಇದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಕೊನೆಯ ರಾತ್ರಿ ಎಲ್ಲರೂ ಬರುತ್ತಾರೆ ಅಂತ ಅವರಿಗೆ ಗೊತ್ತೇ ಇದೆ. ಸಾಲು ಕಾಯುತ್ತಾ ಬೇಜಾರಾದವರು ಪಕ್ಕದ ಮೆಷಿನ್‌ಗೆ ಕಾರ್ಡ್ ತೂರಿಸುತ್ತಾರೆ, ನಮ್ಮ ಮುಂದಿದ್ದವರೊಬ್ಬರು ಹಾಗೇ ಮಾಡಿ, ಕೊನೆಗೆ ತೆಗೆಯಲು ಏನೂ ಉಳಿಯದೆ ಸಾಲು ಬಿಟ್ಟು ಹೋದರು. ಇನ್ನೊಂದು ಜೋಡಿ ಚಿಪ್ಸ್ ಕ್ಯಾಬಿನ್‌ನಲ್ಲೇ ಉಳಿದಿದೆ ಅಂತ ನೆನಪಾಗಿ ಓಡಿತು. ಓಡಲೇಬೇಕು, ಈ ಚಿಪ್ಸ್ ದಡದ ಕ್ಯಾಸಿನೊಗಳಲ್ಲಿ ನಡೆಯುವುದಿಲ್ಲ.

ನಮ್ಮ ಸರದಿ ಬಂದಾಗ ಕೆಲಸ ಬೇಗ ಮುಗಿಯಿತು. ಕಾರ್ಡ್, ಪಿನ್, ಒಂದು ಸಹಿ. ಕ್ಯಾಷಿಯರ್ ಹುಡುಗಿ ನೋಟುಗಳನ್ನು ಬಿಚ್ಚಿ ಹರಡಿ ಎಣಿಸಿ ತಳ್ಳಿದಳು. ಭಾವ ಕಿಟಕಿ ಬಿಡದೆ ಅಲ್ಲೇ ಎಣಿಸಿಕೊಂಡರು, ಅದು ಸರಿಯಾದ ಕ್ರಮ. ಇದನ್ನು ಕ್ಯಾಬಿನ್ ಬಿಲ್‌ಗೆ ಹಾಕಿಬಿಡಿ ಅಂತ ಕೇಳಿದ್ದಕ್ಕೆ, ಇಲ್ಲಿ ಆಗುವುದಿಲ್ಲ, ಗೆಸ್ಟ್ ಸರ್ವಿಸಸ್ ಕೌಂಟರ್‌ನಲ್ಲಿ ನಗದು ಕಟ್ಟಿ ಅಂದಳು.

"ಈಗ ಇನ್ನೊಂದು ಸಾಲಾ? ಬೇಡ ಬಿಡು, ನೋಟು ಮನೆಗೆ ತಗೊಂಡು ಹೋಗೋಣ," ಅಂದರು ಭಾವ.

"ಬೇಡ ಭಾವ, ಹತ್ತು ನಿಮಿಷ ನಿಲ್ಲೋಣ. ನಿಮ್ಮ ಕ್ರೆಡಿಟ್ ಕಾರ್ಡ್ ಡಾಲರ್ ಕಾರ್ಡ್ ಅಲ್ಲ. ಬಿಲ್ ಅದಕ್ಕೆ ಹೋದರೆ ಬ್ಯಾಂಕ್ ವಿದೇಶಿ ಕರೆನ್ಸಿ ಶುಲ್ಕ ಹಾಕುತ್ತದೆ. ಈ ನೋಟನ್ನು ಆಮೇಲೆ ಬದಲಾಯಿಸಲು ಹೋದರೆ ಅಲ್ಲೂ ಕಮ್ಮಿ ದರ ಕೊಡುತ್ತಾರೆ. ಎರಡೂ ಕಡೆ ಯಾಕೆ ಕಳೆದುಕೊಳ್ಳುತ್ತೀರಿ?" ಅಂದೆ.

ಒಪ್ಪಿದರು. ಕೌಂಟರ್‌ನಲ್ಲಿ ನಗದು ತೆಗೆದುಕೊಂಡು, ಬಿಲ್‌ನಿಂದ ಅಷ್ಟನ್ನು ಕಳೆದು, ರಸೀದಿ ಕೊಟ್ಟರು. ಕ್ರೆಡಿಟ್ ಕಾರ್ಡಿಗೆ ಹೋಗಲು ಉಳಿದದ್ದು ಅರ್ಧಕ್ಕಿಂತ ಕಡಿಮೆ. ಕ್ಯಾಬಿನ್ ಸ್ವಚ್ಛ ಮಾಡುತ್ತಿದ್ದ ಹುಡುಗನಿಗೆ ಕೊಡಬೇಕು ಅಂತ ಭಾವ ಒಂದು ದೊಡ್ಡ ನೋಟನ್ನು ಅಲ್ಲೇ ಚಿಲ್ಲರೆ ಮಾಡಿಸಿಕೊಂಡರು, ರಸೀದಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡರು, ಮುಂದಿನ ತಿಂಗಳು ಕಾರ್ಡ್ ಸ್ಟೇಟ್‌ಮೆಂಟ್ ಬಂದಾಗ ಹೋಲಿಸಿ ನೋಡಲು.