ಸ್ವಂತ ಪಿನ್‌ಕೋಡ್ ಇದ್ದ ಕರಡಿ

ನಾವಿರೋದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಲೈಬ್ರರಿಯಲ್ಲಿ ಕ್ವಿಜ್ ಇದೆ ಅಂತ ಗೊತ್ತಾಯಿತು. ಊರಿಂದ ಬಂದಿದ್ದ ಮಾವನಿಗೂ ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು, ಕರ್ಕೊಂಡು ಹೋದೆವು. "ಅಮೆರಿಕದ ವಿಷಯ ನನಗೇನು ಗೊತ್ತಮ್ಮ, ನಾನು ಸುಮ್ನೆ ಕಾಫಿ ಕುಡೀತಾ ಕೂತಿರ್ತೀನಿ" ಅಂದಿದ್ದರು.

ಶುರುವಿನಲ್ಲಿ ಎಲ್ಲ ಉತ್ತರವೂ ಮಗಳದೇ. ಟೆಡ್ಡಿ ಬೇರ್‌ಗೆ ಯಾವ ಅಧ್ಯಕ್ಷರ ಹೆಸರು? ಥಿಯೋಡೋರ್ ರೂಸ್‌ವೆಲ್ಟ್. 1902ರಲ್ಲಿ ಮಿಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ, ಬೇರೆಯವರು ಹಿಡಿದು ಮರಕ್ಕೆ ಕಟ್ಟಿದ್ದ ಕರಡಿಗೆ ನಾನು ಗುಂಡು ಹೊಡೆಯಲ್ಲ ಅಂದರಂತೆ. ಅದು ಪೇಪರಿನಲ್ಲಿ ಕಾರ್ಟೂನ್ ಆಯಿತು, ಆಮೇಲೆ ಗೊಂಬೆ ಆಯಿತು. (ಗಾಯಗೊಂಡಿದ್ದ ಆ ಕರಡಿಯನ್ನ ಕೊನೆಗೆ ಅವರೇ ಹೇಳಿ ಕೊಲ್ಲಿಸಿದರು. ಮಕ್ಕಳಿಗೆ ಇದನ್ನ ಯಾರೂ ಹೇಳಲ್ಲ.) ನ್ಯೂ ಮೆಕ್ಸಿಕೋದ ರಾಜ್ಯಪಕ್ಷಿ ಯಾವುದು? ರೋಡ್‌ರನ್ನರ್. ಕಾರ್ಟೂನಿನಲ್ಲಿ ಅದು ಕಯೋಟಿ ಅನ್ನೋ ತೋಳದ ಜಾತಿಯ ಪ್ರಾಣಿಯ ಕೈಗೇ ಸಿಗಲ್ಲ, ನಿಜವಾಗಿ ಓಡಿದರೆ ಕಯೋಟಿಯೇ ಜೋರು.

ಆಮೇಲೆ ಬಂತು ನೋಡಿ: ಸ್ವಂತ ಪಿನ್‌ಕೋಡ್ ಇದ್ದ ಪ್ರಾಣಿ ಯಾವುದು?

"ಸ್ಮೋಕಿ ಬೇರ್!" ಅಂತ ಮಗಳು ಕೂಗಿದಳು. ರೇಂಜರ್ ಟೋಪಿ, ಜೀನ್ಸು, ಕೈಯಲ್ಲಿ ಸಲಿಕೆ ಹಿಡಿದ ಕರಡಿ. ಕಾಡಿಗೆ ಬೆಂಕಿ ಹಚ್ಚಬೇಡಿ ಅಂತ ಹೇಳೋಕೆ 1944ರಲ್ಲಿ ಹುಟ್ಟಿದ ಜಾಹೀರಾತು. ಯುದ್ಧದ ಕಾಲ, ಬೆಂಕಿ ಆರಿಸೋಕೆ ಜನವೇ ಇರಲಿಲ್ಲ. ಮೊದಲು ಪೋಸ್ಟರಿನಲ್ಲಿ ಡಿಸ್ನಿಯ ಬ್ಯಾಂಬಿ ಇತ್ತು, ಆದರೆ ಡಿಸ್ನಿಯವರು ಒಂದೇ ವರ್ಷಕ್ಕೆ ಕೊಟ್ಟಿದ್ದರಿಂದ ಜಿಂಕೆ ಹೋಗಿ ಕರಡಿ ಬಂತು. 1950ರಲ್ಲಿ ನ್ಯೂ ಮೆಕ್ಸಿಕೋದ ಕಾಡು ಹೊತ್ತಿ ಉರಿದಾಗ ಪಾದ ಸುಟ್ಟುಕೊಂಡ ಒಂದು ಮರಿ ಸಿಕ್ಕಿತು, ಅದಕ್ಕೂ ಅದೇ ಹೆಸರಿಟ್ಟು ವಾಷಿಂಗ್ಟನ್ ಝೂನಲ್ಲಿ ಸಾಕಿದರು. ಮಕ್ಕಳು ಬರೆಯೋ ಕಾಗದ ಎಷ್ಟು ಜಾಸ್ತಿಯಾಯಿತು ಅಂದರೆ, 1964ರಲ್ಲಿ ಅಂಚೆಯವರು ಕರಡಿಗೇ 20252 ಅಂತ ಒಂದು ನಂಬರ್ ಕೊಟ್ಟರು.

"ಕರಡಿಗೆ ಟಪಾಲಾ?" ಅಂತ ಮಾವ ಕಪ್ ಕೆಳಗಿಟ್ಟರು. ಅವರು ಬಿಳಿಗಿರಿರಂಗನ ಬೆಟ್ಟದ ಕಡೆ ಕಾಡಿನಲ್ಲಿ ಕೆಲಸ ಮಾಡಿದವರು. "ಸರಿ, ಬೆಂಕಿ ಪೂರ್ತಿ ನಿಲ್ಲಿಸಿಬಿಟ್ಟರೆ ತರಗು ಎಲ್ಲಿಗೆ ಹೋಗುತ್ತೆ? ರಾಶಿ ಬೀಳಲ್ವಾ?" ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಬೇಸಿಗೆ ಬಲಿಯೋ ಮುಂಚೆಯೇ ತರಗು ಬೆಂಕಿ ಹಾಕುತ್ತಿದ್ದರಂತೆ. ನೆಲದ ಒಣ ಎಲೆ ಬೇಗ ಉರಿದು ಹೋಗುತ್ತೆ, ಮರಕ್ಕೆ ಏನೂ ಆಗಲ್ಲ, ಹೊಸ ಹುಲ್ಲು ಬರುತ್ತೆ. ಕಾಯ್ದೆ ಬಂದು ಅದು ನಿಂತ ಮೇಲೇ ಲಂಟಾನ ಕಳೆ ಹಿಂಗೆ ಹಬ್ಬಿದ್ದು ಅಂತ ಸೋಲಿಗರು ಈಗಲೂ ಹೇಳುತ್ತಾರೆ.

ನಾನು ಫೋನಿನಲ್ಲಿ ನೋಡಿದೆ (ಕ್ವಿಜ್‌ನಲ್ಲಿ ಫೋನ್ ಮುಟ್ಟಬಾರದು, ಆದರೆ ಉತ್ತರ ಆಗಲೇ ಕೊಟ್ಟಾಗಿತ್ತಲ್ವಾ). ಇಲ್ಲೂ ಅದೇ ಕಥೆ. ದಶಕಗಟ್ಟಲೆ ಸಣ್ಣ ಬೆಂಕಿಯನ್ನೂ ಆರಿಸಿ ಆರಿಸಿ ಎಷ್ಟೋ ಕಾಡಿನಲ್ಲಿ ಉರಿಯೋ ಸರಕು ತುಂಬಿಕೊಂಡಿತ್ತು. 2001ರಲ್ಲಿ ಸ್ಮೋಕಿಯ ಘೋಷಣೆಯನ್ನೇ ತಿದ್ದಿದರು. ಕಾಡಿನ ಒಳ್ಳೇದಕ್ಕೆ ಬೇಕಂತಲೇ ಹಾಕೋ ಬೆಂಕಿಗೆ ಅದು ಅಡ್ಡ ಬರಬಾರದು ಅಂತ. ಇಲ್ಲಿನ ಮೂಲನಿವಾಸಿಗಳೂ ಹಿಂದೆ ಹಾಗೇ ಸುಡುತ್ತಿದ್ದರು.

"ಅವರನ್ನೇ ಮೊದಲು ಕೇಳಬಹುದಿತ್ತಲ್ಲಮ್ಮ" ಅಂದರು ಮಾವ.

ಈ ಗಲಾಟೆಯಲ್ಲಿ ಜ್ಯೂಸ್ ತರೋಕೆ ಹೋಗಿದ್ದ ಮಗಳು ವಾಪಸ್ ಬರುವಷ್ಟರಲ್ಲಿ ಒಂದು ಪ್ರಶ್ನೆ ಮುಗಿದೇ ಹೋಗಿತ್ತು. ಫ್ರಾಸ್ಟೆಡ್ ಫ್ಲೇಕ್ಸ್ (ಸಕ್ಕರೆ ಹಚ್ಚಿದ ಕಾರ್ನ್‌ಫ್ಲೇಕ್ಸ್) ಡಬ್ಬಿ ಮೇಲಿನ ಹುಲಿಯ ಹೆಸರೇನು ಅಂತ. "ಟೋನಿ ಅಂತ ಯಾರಿಗೆ ಗೊತ್ತಿಲ್ಲ ತಾತ!" ಅಂತ ಸಿಟ್ಟಾದಳು.