ಕೋಳಿ ಮೇವಿಗೆ ಒಂದು ಲೆಕ್ಕ

ಹಿತ್ತಲಿನ ಗಿರಿರಾಜ ಕೋಳಿಗಳಿಗೆ ಮೇವು ನಾನೇ ಬೆರೆಸುತ್ತೇನೆ. ಬರೀ ಮೆಕ್ಕೆಜೋಳ ಹಾಕಿದರೂ ಬದುಕುತ್ತವೆ, ಆದರೆ ಜೋಳದಲ್ಲಿ ಪ್ರೋಟೀನ್ ಶೇ. 9ರ ಆಸುಪಾಸು. ಮೊಟ್ಟೆ ಇಡುವ ಕೋಳಿಗೆ 16ರಿಂದ 18 ಬೇಕು. ಎಲ್ಲಿಗೆ ಸಾಲುತ್ತದೆ, ಹೇಳಿ?

ಹತ್ತು ಕೆಜಿಗೆ ನನ್ನ ಲೆಕ್ಕ ಹೀಗೆ. ನುಚ್ಚು ಮಾಡಿದ ಜೋಳ ನಾಲ್ಕೂವರೆ ಕೆಜಿ: 405 ಗ್ರಾಂ ಪ್ರೋಟೀನ್. ಅಕ್ಕಿ ತೌಡು ಎರಡು ಕೆಜಿ, ಶೇ. 12ರಂತೆ 240. ಶೇಂಗಾ ಹಿಂಡಿ ಎರಡೂವರೆ ಕೆಜಿ, ಶೇ. 42 ಅಂತ ಹಿಡಿದರೆ 1050. ಒಟ್ಟು 1695 ಗ್ರಾಂ, ಅಂದರೆ ಹತ್ತಿರ ಹತ್ತಿರ ಶೇ. 17. ಉಳಿದ ಒಂದು ಕೆಜಿಯಲ್ಲಿ 800 ಗ್ರಾಂ ಚಿಪ್ಪಿನ ಪುಡಿ, 200 ಗ್ರಾಂ ಖನಿಜ ಮಿಶ್ರಣ. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಶೇ. 38ರಷ್ಟು ಇರುವುದರಿಂದ ಅದೊಂದರಿಂದಲೇ ಮೇವಿಗೆ ಶೇ. 3 ಸಿಗುತ್ತದೆ. ಮರಿಗಳಿಗೆ ಮಾತ್ರ ಇದನ್ನು ಹಾಕಬೇಡಿ. ಅಷ್ಟು ಸುಣ್ಣ ಅವುಗಳ ಮೂತ್ರಪಿಂಡ ಹಾಳು ಮಾಡುತ್ತದೆ.

ಪ್ರೋಟೀನ್ ಅಂಕಿ ಸರಿಯಾದರೆ ಸಾಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪ್ರೋಟೀನ್ ಅಮೈನೊ ಆಮ್ಲಗಳಿಂದ ಆದದ್ದು; ಅವುಗಳಲ್ಲಿ ಕೋಳಿಗೆ ಮೇವಿನಿಂದಲೇ ಸಿಗಬೇಕಾದ ಲೈಸಿನ್, ಮೆಥಿಯೊನಿನ್ ಎರಡೂ ಶೇಂಗಾ ಹಿಂಡಿಯಲ್ಲಿ ಕಡಿಮೆ. ಎಳ್ಳಿನ ಹಿಂಡಿಯಲ್ಲಿ ಮೆಥಿಯೊನಿನ್ ಜಾಸ್ತಿ, ಹಾಗಾಗಿ ಅರ್ಧ ಕೆಜಿ ಶೇಂಗಾ ಬದಲು ಅದನ್ನು ಸೇರಿಸುತ್ತೇನೆ. ಲೈಸಿನ್ ಬೇಕಾದರೆ ಸೋಯಾ ಹಿಂಡಿಯೇ ಆಗಬೇಕು, ಜೇಬು ನೋಡಿಕೊಳ್ಳಿ.

ಹಿಂಡಿ ಕೊಳ್ಳುವಾಗ ಒಂದು ತುಂಡು ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೇಡ. ಒಣಗಿಸಿದರೆ ವಾಸನೆ ಹೋಗಬಹುದು, ಆದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೋಗುತ್ತದೆಂಬ ಖಾತ್ರಿ ಇಲ್ಲ.